ಬೆಳ್ಳಿಯ ಬಾಯಲ್ಲಿ ಕತೆ

ಪ್ರಶ್ನೆ: ನಾನು ಡೊಂಬಿವಲಿಯವಳು, ಊರು ಕಾರ್ಕಳದ ಕಡೆ. ಲೋಕಲ್ ಟ್ರೇನಿನಲ್ಲಿ ಕೆಲಸಕ್ಕೆ ಹೋಗಿ ಬರುವಾಗ ಶಿವರಾಮ ಕಾರಂತರ ‘ಚೋಮನ ದುಡಿ’ ಮತ್ತೆ ಓದಿದೆ. ಈ ಸಲ ದಲಿತ ಕೂಲಿಯಾಳು ಚೋಮನಿಗಿಂತ ಅವನ ಮಗಳು ಬೆಳ್ಳಿಯೇ ತಲೆಯಲ್ಲಿ ಕೂತಿದ್ದಾಳೆ. ಅವಳ ಬಾಯಲ್ಲೇ ಕತೆ ಹೇಳಿಸುವ ಆಸೆ. ‘ಕಾರಂತರು ಬರೆದದ್ದನ್ನು ತಿದ್ದೋಕೆ ನೀನ್ಯಾರು?’ ಅಂತಾರೆ ಮನೆಯಲ್ಲಿ. ನಾನು ದಲಿತಳೂ ಅಲ್ಲ. ಬರೆಯಬಹುದಾ?

ಉತ್ತರ: ಧಾರಾಳವಾಗಿ ಬರೆಯಿರಿ. ತಿದ್ದುವ ಮಾತು ಎಲ್ಲಿ ಬಂತು? 1933ರ ಕಾದಂಬರಿ ತನ್ನ ಪಾಡಿಗೆ ತಾನು ಇರುತ್ತದೆ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಗೊತ್ತಲ್ವಾ? ಅದರಲ್ಲಿ ಜಮೈಕಾದ ಹೆಂಡತಿಯೊಬ್ಬಳು ಅಟ್ಟದ ಮೇಲೆ ಬಂದಿ. ಕಿರುಚುತ್ತಾಳೆ, ಕಚ್ಚುತ್ತಾಳೆ, ತನ್ನ ಕತೆ ಮಾತ್ರ ಹೇಳುವುದಿಲ್ಲ. ಕೆರಿಬಿಯನ್ ದ್ವೀಪದಲ್ಲೇ ಹುಟ್ಟಿದ ಜೀನ್ ರೈಸ್ 1966ರಲ್ಲಿ ‘ವೈಡ್ ಸರ್ಗಾಸೋ ಸೀ’ ಬರೆದು ಅವಳಿಗೆ ಬಾಯಿ ಕೊಟ್ಟರು. ನಡುವಿನ ಭಾಗವನ್ನು ಮಾತ್ರ ಬಹುಪಾಲು ಗಂಡನ ಬಾಯಿಗೇ ಬಿಟ್ಟರು. ನನಗೆ ಹಿಡಿಸಿದ್ದು ಅದೇ. ಅವನು ಸಿನಿಮಾ ವಿಲನ್ ಆಗಲಿಲ್ಲ. ನಿಮ್ಮ ಚೋಮನೂ ಆಗದಿರಲಿ.

ಈಗ ಬೆಳ್ಳಿ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾಳೆ. ತೋಟದ ದೊರೆ ಸಾಲ ಮನ್ನಾ ಮಾಡುತ್ತಾನೆ, ಅವಳ ಮೈಯ ಬೆಲೆಗೆ. ಮನೆಗೆ ಬಂದು ಸಾಲ ತೀರಿತು ಅಂತ ಹೇಳಬಹುದು, ಹೇಗೆ ತೀರಿತು ಅಂತ ಹೇಳುವ ಹಾಗಿಲ್ಲ. ಆ ಸಂಜೆ ಅವಳು ಒಲೆ ಹಚ್ಚಿದಳಾ? ಅಪ್ಪನ ಮುಖ ನೋಡಿದಳಾ? ಅಲ್ಲಿ ನಾಲ್ಕು ಪುಟ ನಿಲ್ಲಿ, ಅವಸರ ಬೇಡ. ಕೊನೆಗೆ ಚೋಮ ಅವಳನ್ನು ತೋಟದ ರೈಟರ್ (ಗುಮಾಸ್ತ) ಮನ್ವೇಲನ ಜೊತೆ ಕಂಡು ಹೊರಗಟ್ಟುತ್ತಾನೆ. ಬಾಗಿಲು ಹಾಕಿಕೊಂಡು ಸಾಯುವವರೆಗೂ ದುಡಿ ಬಾರಿಸುತ್ತಾನೆ. ನಾವೆಲ್ಲ ಇಷ್ಟು ವರ್ಷ ಆ ದುಡಿಯನ್ನು ಚೋಮನ ಸಂಕಟ ಅಂತಲೇ ಕೇಳಿದ್ದೇವೆ. ಹೊರದಬ್ಬಿಸಿಕೊಂಡವಳಿಗೆ ಅದು ಹೇಗೆ ಕೇಳಿಸುತ್ತದೆ? ನಾನಾದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ದಯವಿಟ್ಟು ಅವಳ ಬಾಯಿಗೆ ಇವತ್ತಿನ ಭಾಷಣ ತುರುಕಬೇಡಿ. ಅವಳದು ತುಳು ಸೀಮೆ. ನೇಜಿ ನೆಡುವಾಗ ಹೆಂಗಸರು ಹಾಡುವ ಪಾಡ್ದನ ಕೇಳಿ. ಊರಿಗೇ ಹೋಗಬೇಕಂತಿಲ್ಲ, ಮುಂಬಯಿಯಲ್ಲಿ ತುಳು ಅಜ್ಜಿಯರಿಗೇನು ಬರವೇ?

ಜಾತಿಯ ಪ್ರಶ್ನೆ ನೀವೇ ಎತ್ತಿದ್ದು ಒಳ್ಳೆಯದಾಯಿತು. ಕಾರಂತರೂ ದಲಿತರಲ್ಲ, ಹಾಗಂತ ಅದು ನಿಮಗೆ ಲೈಸೆನ್ಸ್ ಅಲ್ಲ. ಮೊದಲು ದಲಿತ ಲೇಖಕಿ ಊರ್ಮಿಳಾ ಪವಾರ್ ಅವರ ಮರಾಠಿ ಆತ್ಮಕತೆ ‘ಆಯದಾನ್’ ಓದಿ. ಬಿದಿರು ಬುಟ್ಟಿ ಹೆಣೆಯುವ ಅಮ್ಮ, ಕೊಂಕಣದ ಹಳ್ಳಿ, ಆಮೇಲೆ ಮುಂಬಯಿ. ತಮ್ಮ ಕತೆ ತಾವೇ ಹೇಳುವಾಗ ಅವರು ಕಣ್ಣೀರಿಗೆ ಎಷ್ಟು ಕಡಿಮೆ ಜಾಗ ಕೊಡುತ್ತಾರೆ, ನಗುವಿಗೆ ಎಷ್ಟು ಜಾಸ್ತಿ, ನೋಡಿ. ನಿಮ್ಮ ಕರಡನ್ನು ಮುಲಾಜಿಲ್ಲದೆ ಬೈಯಬಲ್ಲ ದಲಿತ ಓದುಗಿಯೊಬ್ಬರಿಗೆ ಕೊಡಿ. ಬೈದರೆ ಸುಮ್ನೆ ಕೇಳಿಸಿಕೊಳ್ಳಿ, ವಾದಕ್ಕಿಳಿಯಬೇಡಿ.

ಒಂದು ಕಾನೂನಿನ ಮಾತು. ನಮ್ಮಲ್ಲಿ ಲೇಖಕರು ತೀರಿದ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಕಾರಂತರು ಹೋದದ್ದು 1997ರಲ್ಲಿ, ಅಂದರೆ 2057ರ ಕೊನೆಯವರೆಗೆ. ಅಚ್ಚಿಗೆ ಕೊಡುವ ಮೊದಲು ವಾರಸುದಾರರ ಒಪ್ಪಿಗೆ ಕೇಳಿ. ಬರೆಯಲು ಅಷ್ಟು ಕಾಯಬೇಕಿಲ್ಲ.