ವರ್ಷದ ಕೊನೆಗೆ "ಏನೂ ಸಾಧಿಸಿಲ್ಲ" ಅನಿಸಿದರೆ ಲೆಕ್ಕ ಹೇಗೆ ನೋಡುವುದು?

ನೀವು ಕೇಳಿದ್ದು ಇಷ್ಟು: ಕೆಎಎಸ್‌ಗೆ ಓದುತ್ತಾ ಇನ್ನೊಂದು ವರ್ಷ ಹೋಯಿತು, ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಉಳಿದವರು ತಮ್ಮ ವರ್ಷವನ್ನು ಹೇಗೆ ಅಳೆಯುತ್ತೀರಿ ಅಂತ. ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ನನಗೆ ಗೊತ್ತಿರುವ ದಾರಿ ಅದೊಂದೇ.

ನೆನಪಿನಿಂದ ಲೆಕ್ಕ ಹಾಕಬೇಡಿ. ಡಿಸೆಂಬರಿನಲ್ಲಿ ಕೂತು ಯೋಚಿಸಿದರೆ ದಸರಾದಿಂದ ಈಚಿನದಷ್ಟೇ ತಲೆಗೆ ಬರುತ್ತದೆ, ಅದರಲ್ಲೂ ಬೇಜಾರಾಗಿದ್ದೇ ಮೊದಲು. ಅಂಗಡಿಯಲ್ಲಿ ಯಾರೂ ಹಾಗೆ ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಬಾಕಿ, ತೆಗೆಯುವುದಿಲ್ಲ, ದಿನದಿನದ ಲೆಕ್ಕ ಬರೆದ ಕಿರ್ದಿ ಪುಸ್ತಕ ಬಿಚ್ಚುತ್ತಾರೆ. ನಿಮ್ಮ ಹತ್ತಿರ ಕಿರ್ದಿ ಇಲ್ಲದಿದ್ದರೂ ಮೊಬೈಲ್ ಇದೆಯಲ್ಲ. ಫೋಟೋ, ಫೋನ್‌ಪೇ ಸ್ಟೇಟ್‌ಮೆಂಟ್, ಮಾಕ್ ಟೆಸ್ಟಿನ ಅಂಕ, ಡಾಕ್ಟರ ಚೀಟಿ, ಎಲ್ಲವನ್ನೂ ಜನವರಿಯಿಂದ ತಿಂಗಳು ತಿಂಗಳಾಗಿ ನೋಡುತ್ತಾ ಬನ್ನಿ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿಯಲ್ಲಿ ತಾಳೆ ಬೀಳದಾಗೆಲ್ಲ ನಾನು ಆಡಿಟರ್ ಆಫೀಸಿನ ಹುಡುಗನಿಗೆ ವಾಟ್ಸಾಪ್ ಮಾಡುತ್ತಿದ್ದೆ. ಈ ಸಲ ಹಿಂದಕ್ಕೆ ಸರಿಸಿ ನೋಡಿದರೆ ಯುಗಾದಿ ಆದಮೇಲೆ ಅಂಥ ಮೆಸೇಜ್ ಒಂದೂ ಇಲ್ಲ. ಕಲಿತುಬಿಟ್ಟಿದ್ದೆ, ಕಲಿತದ್ದು ನನಗೇ ಗೊತ್ತಿರಲಿಲ್ಲ!

ಇನ್ನು ಮುಖ್ಯವಾದ ಮಾತು. ಕೇಂದ್ರ ಸರ್ಕಾರ 2025-26ಕ್ಕೆ ಮೆಕ್ಕೆಜೋಳಕ್ಕೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಸುಗ್ಗಿ ಹೊತ್ತಿಗೆ ಮಾರುಕಟ್ಟೆ ದರ 2,000ಕ್ಕಿಂತಲೂ ಕೆಳಗೆ ಬಿತ್ತು. ಜಗಳೂರು ಕಡೆಯ ರೈತರೊಬ್ಬರು ಹೋದ ವರ್ಷಕ್ಕಿಂತ ಹೆಚ್ಚು ಚೀಲ ತಂದು ಇಳಿಸಿದರು, ಕಡಿಮೆ ದುಡ್ಡು ಎಣಿಸಿಕೊಂಡು ಹೋದರು. ಅವರ ಮಾಲಿನ ತೂಕ, ದರ, ಮೊತ್ತದ ಚೀಟಿ, ನಮ್ಮ ಮಾತಿನಲ್ಲಿ ಪಟ್ಟಿ, ಬರೆದವಳು ನಾನೇ. ಮೊತ್ತವನ್ನಷ್ಟೇ ನೋಡಿದವರು ಅವರದು ಸೋತ ವರ್ಷ ಅನ್ನುತ್ತಾರೆ. ಆದರೆ ಪಟ್ಟಿಯಲ್ಲಿ ತೂಕಕ್ಕೊಂದು ಕಾಲಂ, ದರಕ್ಕೊಂದು ಕಾಲಂ ಬೇರೆ ಬೇರೆ ಇರುತ್ತದೆ. ತೂಕದಲ್ಲಿ ಅವರ ಬೆವರಿದೆ, ಮಳೆಯ ಪಾಲೂ ಇದೆ ಅನ್ನಿ. ದರದಲ್ಲಿ ಅವರದೇನೂ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಆ ವರ್ಷ ಎತ್ತು ಮಾರದೆ ಉಳಿಸಿಕೊಂಡವರನ್ನು ನಮ್ಮ ಸಾಹುಕಾರರು ಗೆದ್ದವರ ಸಾಲಿಗೇ ಸೇರಿಸುತ್ತಿದ್ದರು. ನನಗೂ ಅದೇ ಸರಿ ಅನಿಸುತ್ತದೆ.

ನಿಮ್ಮದನ್ನೂ ಹೀಗೆ ಎರಡು ಕಾಲಂ ಮಾಡಿ. ಅಧಿಸೂಚನೆ ಯಾವಾಗ ಬಂತು, ಪರೀಕ್ಷೆ ಮುಂದಕ್ಕೆ ಹೋಯಿತೇ, ಕಟಾಫ್ ಎಷ್ಟಕ್ಕೆ ನಿಂತಿತು, ಇದೆಲ್ಲ ದರ. ಓದಿ ಮುಗಿಸಿದ್ದು, ಬರೆದು ತಿದ್ದಿಸಿಕೊಂಡ ಉತ್ತರಗಳು, ಇದು ತೂಕ. ತೂಕವೂ ಕಡಿಮೆ ಇದ್ದರೆ ಕಡಿಮೆ ಅಂತಲೇ ಬರೆಯಿರಿ, ನಾನೇನು ಸಮಾಧಾನ ಹೇಳುವುದಿಲ್ಲ. ಹೋಲಿಸುವುದಿದ್ದರೆ ನಿಮ್ಮದೇ ಹೋದ ವರ್ಷದ ಆಖೈರು ಶಿಲ್ಕಿನ ಜೊತೆ ಹೋಲಿಸಿ. ರೂಮ್‌ಮೇಟ್ ಖಾತೆ ನಿಮ್ಮ ಪುಸ್ತಕದಲ್ಲಿಲ್ಲ.

ಒಂದು ದಿನದ ಅಂಕಿಯನ್ನೂ ನಂಬಬೇಡಿ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ರಕ್ತ ಕೊಡುವ ಹಿಂದಿನ ಎರಡು ದಿನ ಅನ್ನ ಬಿಟ್ಟು ರಾಗಿ ಮುದ್ದೆ ತಿಂದು ಖಾಲಿ ಹೊಟ್ಟೆಯ ರಿಪೋರ್ಟು ಚೆನ್ನಾಗಿ ಬರುವಂತೆ ನೋಡಿಕೊಳ್ಳುತ್ತಿದ್ದರು. ಡಾಕ್ಟರು ಎಚ್‌ಬಿಎ1ಸಿ ಮಾಡಿಸಿದರು. ಅದು ಹೆಚ್ಚುಕಡಿಮೆ ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಅದರ ಮುಂದೆ ಅತ್ತೆಯ ಆಟ ನಡೆಯಲಿಲ್ಲ. ಈಗ ದಿನಾ ಸಂಜೆ ಕುಂದವಾಡ ಕೆರೆ ದಂಡೆಯ ಮೇಲೆ ನಡೆಯುತ್ತಾರೆ. ವರ್ಷದ ಕೊನೆಯ ರಿಪೋರ್ಟು ಇಳಿದಿದೆ. ನಮ್ಮ ಮನೆಯ ಈ ವರ್ಷದ ಜಮಾದಲ್ಲಿ ದೊಡ್ಡದು ಇದೇ, ನನ್ನ ಸಂಬಳ ಏರಿದ್ದಲ್ಲ.

ಡಿಸೆಂಬರ್ 31ಕ್ಕೇ ಲೆಕ್ಕ ಮುಗಿಸಬೇಕೆಂದೂ ಇಲ್ಲ. ಅಂಗಡಿಗಳಲ್ಲಿ ದೀಪಾವಳಿಗೇ ಹೊಸ ಪುಸ್ತಕಕ್ಕೆ ಪೂಜೆ. ಆದಾಯ ತೆರಿಗೆಯವರು 1989-90ರಿಂದ ಎಲ್ಲರಿಗೂ ಏಪ್ರಿಲ್-ಮಾರ್ಚ್ ಕಡ್ಡಾಯ ಮಾಡುವ ತನಕ ಎಷ್ಟೋ ವ್ಯಾಪಾರಸ್ಥರಿಗೆ ತೆರಿಗೆಯ ವರ್ಷವೂ ದೀಪಾವಳಿಗೇ ಮುಗಿಯುತ್ತಿತ್ತು. ನಿಮಗೆ ಪ್ರಿಲಿಮ್ಸ್ ಮುಗಿದ ದಿನವೇ ವರ್ಷದ ಕೊನೆ ಆಗಲಿ, ಯಾರು ಕೇಳುತ್ತಾರೆ?

ಕೊನೆಗೆ, ಬಾಕಿ. ಮುಂದಿನ ವರ್ಷದ ಪಟ್ಟಿ ಬರೆಯುವ ಮೊದಲು ಹಳೇ ಬಾಕಿಗಳನ್ನು ನೋಡಿ. ವರ್ಷಗಟ್ಟಲೆ ವಸೂಲಾಗದ ಉದರಿಯನ್ನು ಅಂಗಡಿಯವರು ಒಂದು ದಿನ ವಜಾ ಹಾಕುತ್ತಾರೆ, ಅಂದರೆ ಇನ್ನು ಬರುವುದಿಲ್ಲ ಅಂತ ಲೆಕ್ಕದಿಂದ ತೆಗೆಯುತ್ತಾರೆ, ಇಲ್ಲದಿದ್ದರೆ ಪುಸ್ತಕದ ಮೇಲೆ ಸುಳ್ಳು ಆಸ್ತಿ ಕಾಣುತ್ತಿರುತ್ತದೆ. ನನ್ನ ಪಟ್ಟಿಯಲ್ಲಿ ಪ್ರತಿ ಜನವರಿ "ಸ್ಪೋಕನ್ ಇಂಗ್ಲಿಷ್ ಕ್ಲಾಸ್" ಇರುತ್ತಿತ್ತು. ಯಾರ್ಡಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಈ ಸಲ ವಜಾ ಹಾಕಿ, ಆ ಜಾಗಕ್ಕೆ ಸ್ಕೂಟಿ ಲೈಸೆನ್ಸ್ ಬರೆದಿದ್ದೇನೆ. ಕಲಿಯುವವರಿಗೆ ಕೊಡುವ ಎಲ್‌ಎಲ್ಆರ್ ಆಗಲೇ ಆಗಿದೆ.