ಗೇಟು, ಮೆಟ್ಟಿಲು, ಬಚ್ಚಲುಮನೆ ಮೂರಕ್ಕೂ ಯಾವ ಸೆನ್ಸರ್ ದೀಪ ಒಳ್ಳೆಯದು?

ನಾಲ್ಕು ವರ್ಷಗಳ ಹಿಂದೆ ಕಲಬುರಗಿಯ ನಮ್ಮ ಮನೆಗೆ, ಯಾರಾದರೂ ಹತ್ತಿರ ಬಂದರೆ ತಾನೇ ಹೊತ್ತುವ ಇಂಥ ದೀಪ ಕೊಳ್ಳುವಾಗ ನಾನೂ ಅಂಗಡಿಯವರನ್ನು ಇದನ್ನೇ ಕೇಳಿದ್ದೆ. ಅದರ ನೋವು ಉಂಡವರು ನನ್ನ ತಂದೆ.

ಬರುವವರು ಎದುರಿಗೇ ಕಂಡರೆ ಸೆನ್ಸರ್ ಬೇಗ ಗುರುತಿಸುತ್ತದೆಂದು ನಂಬಿ, ಎಲೆಕ್ಟ್ರಿಷಿಯನ್ ಬೇಡವೆಂದರೂ ಕೇಳದೆ, ಬಾಗಿಲ ಮೇಲೆ ಗೇಟಿಗೆ ನೇರವಾಗಿ ಮುಖಮಾಡಿ ಅದನ್ನು ಹಾಕಿಸಿದೆ. ಮೇ ತಿಂಗಳ ಒಂದು ರಾತ್ರಿ ತಂದೆಯವರು ಗೇಟಿನಿಂದ ನೇರವಾಗಿ ನಡೆದು ಬಂದು ಮೆಟ್ಟಿಲಿಗೆ ಕಾಲಿಟ್ಟರೂ ದೀಪ ಹೊತ್ತಲಿಲ್ಲ. ಎಡವಿ ಬಿದ್ದರು, ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ದೀಪದಲ್ಲಿ ದೋಷವಿರಲಿಲ್ಲ. ಅದರಲ್ಲಿದ್ದ ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಸೆನ್ಸರ್ ಮೈಯ ಶಾಖವನ್ನು ಗ್ರಹಿಸುತ್ತದೆ, ಆದರೆ ಶಾಖ ಇದ್ದ ಮಾತ್ರಕ್ಕೆ ಅಲ್ಲ, ಅದು ಬದಲಾದಾಗ. ಅದರ ಮುಂದಿನ ಪ್ಲಾಸ್ಟಿಕ್ ಮಸೂರವು ಅಂಗಳವನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿಪಟ್ಟಿಯಾಗಿ ವಿಂಗಡಿಸುತ್ತದೆ. ಮನುಷ್ಯ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅಡ್ಡ ಹಾಯ್ದಾಗ ಒಳಗಿನ ಜೋಡಿ ಗ್ರಾಹಕಗಳ ನಡುವೆ ವ್ಯತ್ಯಾಸ ಹುಟ್ಟಿ ದೀಪ ಹೊತ್ತುತ್ತದೆ. ನೇರವಾಗಿ ಎದುರು ಬರುವವನು ಬಹಳ ಹೊತ್ತು ಒಂದೇ ಪಟ್ಟಿಯೊಳಗೆ ಉಳಿಯುತ್ತಾನೆ. ಇದರ ಮೇಲೆ ನಮ್ಮ ಕಡೆಯ ಬೇಸಿಗೆ: ಕಾದ ನೆಲವೂ ಗೋಡೆಯೂ ರಾತ್ರಿಯಾದರೂ ಮೈಶಾಖದ ಸಮೀಪವೇ ಇರುವುದರಿಂದ ಸೆನ್ಸರಿಗೆ ಮನುಷ್ಯ ಮಸುಕಾಗಿಬಿಡುತ್ತಾನೆ. ಅದೇ ಸೆನ್ಸರನ್ನು ಪಕ್ಕದ ಕಾಂಪೌಂಡ್ ಗೋಡೆಗೆ, ಸುಮಾರು 2 ಮೀಟರ್ ಎತ್ತರಕ್ಕೆ ಬದಲಿಸಿದ ಮೇಲೆ ಗೇಟು ದಾಟಿ ಎರಡು ಹೆಜ್ಜೆಯಿಡುವಷ್ಟರಲ್ಲಿ ಬೆಳಕಾಗುತ್ತದೆ.

ಆದ್ದರಿಂದ ಯಾವ ದೀಪ ಎಂದು ಕೇಳುವ ಮೊದಲು ಮನೆಯವರು ನಡೆಯುವ ದಾರಿಯನ್ನು ನೋಡಿ, ಸೆನ್ಸರನ್ನು ಅದಕ್ಕೆ ಅಡ್ಡಲಾಗಿ ಕೂರಿಸಿ. ತಿರುವಿರುವ ಮೆಟ್ಟಿಲಿಗೆ ಒಂದು ಸಾಲದು. ಮೇಲೊಂದು, ಕೆಳಗೊಂದು ಬೇಕು. ವಯಸ್ಸಾದವರಿದ್ದರೆ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಹೇಳುವ ಸಮಯದ ತಿರುಪನ್ನು ಒಂದು ನಿಮಿಷಕ್ಕಿಂತ ಕಡಿಮೆ ಇಡಬೇಡಿ.

ಬಚ್ಚಲುಮನೆಯೊಳಗೆ ಸೆನ್ಸರ್ ಬೇಡವೇ ಬೇಡ. ಅಲುಗಾಡದೆ ಕುಳಿತವರನ್ನು ಪಿಐಆರ್ ಕತ್ತಲೆಗೆ ತಳ್ಳುತ್ತದೆ. ಅದರ ಬದಲಿಗೆ ಅಂಗಡಿಯವರು ತೋರಿಸುವ, ರೇಡಿಯೊ ಅಲೆಗಳಿಂದ ಚಲನೆ ಗುರುತಿಸುವ ಮೈಕ್ರೋವೇವ್ ಸೆನ್ಸರ್ ತೆಳು ಬಾಗಿಲಿನಾಚೆಗೂ ಚಲನೆಯನ್ನು ಹಿಡಿಯುವುದರಿಂದ ಹೊರಗೆ ಯಾರು ಓಡಾಡಿದರೂ ಒಳಗೆ ದೀಪ ಹೊತ್ತುತ್ತದೆ. ಹೊರಗಿನ ಓಣಿಗೆ ಸೆನ್ಸರ್, ಒಳಗೆ ಮಾಮೂಲಿ ಸ್ವಿಚ್ ಇರಲಿ.

ಇನ್ನು ಮೆಟ್ಟಿಲ ವಿಷಯದಲ್ಲಿ ನಾನೀಗ ಸೆನ್ಸರನ್ನೊಂದೇ ನಂಬುವುದಿಲ್ಲ. ನಮ್ಮ ಬಾಗಿಲ ಮುಂದೆ ರಾತ್ರಿಯಿಡೀ ಉರಿಯುವ ಅರ್ಧ ವ್ಯಾಟಿನ ಎಲ್‌ಇಡಿ ದೀಪವೊಂದಿದೆ. ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ ಅದು ತಿನ್ನುವುದು 0.18 ಯೂನಿಟ್.