ಒಂದೇ ಜಾತಿಯ ಕಾಡಿಲಿಗಳಲ್ಲಿ ಕೆಲವು ವಾರಗಳಲ್ಲೇ ಬೆಳೆದುಬಿಡುತ್ತವೆ, ಕೆಲವಕ್ಕೆ ತಿಂಗಳುಗಟ್ಟಲೆ ಬೇಕು, ಯಾಕೆ?

ಮುಖ್ಯ ಕಾರಣ ಹಗಲಿನ ಉದ್ದ. ಮರಿ ಯಾವ ಕಾಲದಲ್ಲಿ ಹುಟ್ಟಿತು ಅನ್ನುವುದರ ಮೇಲೆ ಅದರ ಬೆಳವಣಿಗೆಯ ವೇಗ ನಿಂತಿದೆ.

ಚಳಿ ಪ್ರದೇಶದ ವೋಲ್‌ಗಳನ್ನೇ ನೋಡಿ, ಮೋಟು ಬಾಲದ, ಹುಲ್ಲು ತಿನ್ನುವ ಪುಟ್ಟ ಇಲಿಗಳು ಇವು. ವಸಂತದಲ್ಲಿ ಹುಟ್ಟಿದ ಹೆಣ್ಣು ಸುಮಾರು ಒಂದು ತಿಂಗಳಿಗೇ ಬಸಿರಾಗಬಹುದು. ಬೇಸಿಗೆ ಮುಗಿಯುವಾಗ ಹುಟ್ಟಿದ್ದು ಸಾಮಾನ್ಯವಾಗಿ ಬೆಳವಣಿಗೆಯನ್ನು ಅರ್ಧಕ್ಕೇ ನಿಲ್ಲಿಸಿ, ಚಳಿಗಾಲವಿಡೀ ಸಣ್ಣ ಮೈಯಲ್ಲೇ ಕಳೆದು, ಮುಂದಿನ ವಸಂತ ಹತ್ತಿರವಾದಾಗ ಮತ್ತೆ ಬೆಳೆಯಲು ಶುರುಮಾಡುತ್ತದೆ. ಸಣ್ಣ ಮೈಗೆ ಕಡಿಮೆ ಆಹಾರ ಸಾಕು, ಅಲ್ವಾ?

ಇದನ್ನು ಮೈಗೆ ತಿಳಿಸುವುದು ಮೆಲಟೋನಿನ್, ಅಂದರೆ ಕತ್ತಲಲ್ಲಿ ಮಿದುಳಿನ ಪುಟ್ಟ ಗ್ರಂಥಿಯೊಂದು ಬಿಡುವ ಹಾರ್ಮೋನು. ರಾತ್ರಿ ಉದ್ದವಾದಷ್ಟೂ ಅದು ರಕ್ತದಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಆದರೆ 14 ಗಂಟೆಯ ಹಗಲು ವಸಂತದಲ್ಲೂ ಬರುತ್ತದೆ, ಬೇಸಿಗೆಯ ಕೊನೆಯಲ್ಲೂ ಬರುತ್ತದೆ. ಮರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಇಲ್ಲೇ ನನಗೆ ತುಂಬಾ ಇಷ್ಟವಾದ ಸಂಗತಿ ಇರುವುದು: ತಾಯಿಯ ಮೆಲಟೋನಿನ್ ಗರ್ಭದಲ್ಲಿರುವ ಮರಿಗೂ ತಲುಪುತ್ತದೆ. ಬಸಿರಿನಲ್ಲಿದ್ದಾಗ ಹಗಲು ಆ 14 ಗಂಟೆಗಿಂತ ಚಿಕ್ಕದಿದ್ದರೆ, ಹುಟ್ಟಿದ ಮೇಲೆ ಹಗಲು ಬೆಳೆಯುತ್ತಿದೆ ಎಂದರ್ಥ, ಮರಿ ಬೇಗ ಬೆಳೆಯುತ್ತದೆ. ಉದ್ದವಿದ್ದರೆ ನಿಧಾನ. ಬೆಳಕನ್ನು ಬದಲಿಸಿ ಲ್ಯಾಬಿನಲ್ಲೂ ಇದನ್ನು ತೋರಿಸಿದ್ದಾರೆ.

ಹಾಗಾಗಿ ಸುಮ್ನೆ ತೂಕ ನೋಡಿ ಕಾಡಿಲಿಯ ವಯಸ್ಸು ಹೇಳಬೇಡಿ. ಐದು ತಿಂಗಳ ಚಳಿಗಾಲದ ಇಲಿ, ಎರಡು ತಿಂಗಳ ಬೇಸಿಗೆಯ ಇಲಿಗಿಂತ ಹಗುರವಿರಬಹುದು. ಸಂಶೋಧಕರು ಹೆಚ್ಚಾಗಿ ಸತ್ತ ಇಲಿಯ ಕಣ್ಣಿನ ಮಸೂರವನ್ನು ತೂಗುತ್ತಾರೆ, ಏಕೆಂದರೆ ಅದು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ.